ಯಾರಿಗೂ ಹೇಳಬೇಡ

ಮಾರ್ಚ್ ೨, ಸೋಮವಾರ

ವ್ಯಾನಿನ ಟ್ರಿಪ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇದನ್ನು ಯಾರೂ ತೆಗೆದು ನೋಡುವುದಿಲ್ಲ. ಮುಂದಿನ ಹಾಳೆಗಳನ್ನೇ ಯಾರೂ ನೋಡಿಲ್ಲ, ಹಿಂದಿನದನ್ನು ಯಾರು ನೋಡುತ್ತಾರೆ? ಶಾಲೆ ಬಿಡಲು ಇನ್ನೂ ಒಂದು ಗಂಟೆ ಇದೆ. ಉಳಿದ ಡ್ರೈವರುಗಳು ಹೊಂಗೆ ಮರದ ಕೆಳಗೆ ಇಸ್ಪೀಟು ಹಾಕಿಕೊಂಡು ಕೂತಿದ್ದಾರೆ. ಕರೆದರು. ತಲೆನೋವು ಅಂದೆ.

ಬೆಳಿಗ್ಗೆ ಒಂದನೇ ಕ್ಲಾಸಿನ ಮಿಸ್ ಗೇಟಿನಲ್ಲೇ ನಿಲ್ಲಿಸಿದರು. "ಶಿವರಾಮ್ ಅವ್ರೇ, ನಿಮ್ಮ ಶಶಿರೇಖಾ ಹನ್ನೆರಡು ದಿನದಿಂದ ಕ್ಲಾಸಲ್ಲಿ ಒಂದ್ ಮಾತೂ ಆಡಿಲ್ಲ. ಅಟೆಂಡೆನ್ಸ್ ಕೂಗಿದ್ರೆ ಕೈ ಎತ್ತುತ್ತಾಳೆ ಅಷ್ಟೇ. ಮನೇಲಿ ಏನಾದ್ರೂ ಆಯ್ತಾ?" ಏನೂ ಇಲ್ಲ ಮೇಡಂ, ಬಿಸಿಲು ತಾಗಿ ಜ್ವರ ಬಂದಿತ್ತು ಅಂದೆ. ಅವರು ಒಂದು ಚೀಟಿ ಕೊಟ್ಟರು. ಆರ್.ಟಿ. ನಗರದಲ್ಲಿ ಆಯೇಷಾ ಅಂತ ಒಬ್ಬರಿದ್ದಾರಂತೆ, ಮಕ್ಕಳನ್ನು ಆಟ ಆಡಿಸಿ ಗುಣ ಮಾಡುತ್ತಾರಂತೆ. ಪ್ಲೇ ಥೆರಪಿ. ಆಟ ಆಡಿಸುವುದಕ್ಕೆ ಹೆಬ್ಬಾಳದ ಫ್ಲೈಓವರ್ ದಾಟಿ ಹೋಗಬೇಕೇ? ನಮ್ಮ ಪುಟ್ಟೇನಹಳ್ಳಿಯಲ್ಲಿ ಆಟಕ್ಕೇನು ಬರವೇ?

ಆದರೆ ಮನೆಯಲ್ಲೂ ಹನ್ನೆರಡು ದಿನದಿಂದ ಮಾತಿಲ್ಲ. ವ್ಯಾನನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಾಳೆ. ನನ್ನ ಹೆಂಡತಿ ಪದ್ಮಶ್ರೀ ಸ್ಕೂಟರಿನಲ್ಲಿ ಸ್ಕೂಲಿಗೆ ಬಿಟ್ಟು ತನ್ನ ಆಫೀಸಿಗೆ ಹೋಗುತ್ತಾಳೆ. ಆರು ವರ್ಷದ ಮಗು, ಬೆಳಗಾದರೆ ತಲೆ ತಿನ್ನುತ್ತಿದ್ದವಳು.

ಬರೆದೇ ಬಿಡುತ್ತೇನೆ. ಫೆಬ್ರವರಿ ಹದಿನೆಂಟು, ಬುಧವಾರ, ರಾಜಾನುಕುಂಟೆಯಲ್ಲಿ ಪಂಚಪ್ಪ ಮಾವನ ಮಗಳ ಬೀಗರೂಟ. ಅವತ್ತು ಶಾಲೆ ಅರ್ಧ ದಿನ. ನನ್ನ ವ್ಯಾನಿಗೆ ಹದಿಮೂರು ಮಕ್ಕಳು. ಒಬ್ಬೊಬ್ಬರು ಇಳಿದ ಹಾಗೆ ಪಟ್ಟಿಯಲ್ಲಿ ಹೆಸರಿನ ಮುಂದೆ ಗೆರೆ ಎಳೆಯುತ್ತೇನೆ. ಹದಿನಾಲ್ಕು ವರ್ಷದಲ್ಲಿ ಒಂದು ಮಗುವೂ ತಪ್ಪಿಲ್ಲ. ಶಶಿ ಆ ಪಟ್ಟಿಯಲ್ಲಿ ಇಲ್ಲ. ನನ್ನ ಮಗಳ ಹೆಸರನ್ನು ನಾನು ಯಾಕೆ ಬರೆದುಕೊಳ್ಳಬೇಕು? ಅವಳು ಯಾವಾಗಲೂ ನನ್ನ ಪಕ್ಕದ ಸೀಟಿನಲ್ಲಿ ಇರುತ್ತಾಳೆ. ಅವತ್ತು ಯಾರೋ ಸ್ಟಿಕ್ಕರ್ ತಂದಿದ್ದರು ಅಂತ ಕೊನೆಯ ಸೀಟಿಗೆ ಹೋಗಿ ಕೂತಳು. ಅಲ್ಲೇ ನಿದ್ದೆ ಹೋದಳು. ನಮ್ಮ ಮನೆ ಮುಂದೆ ಇಬ್ಬರು ಮಕ್ಕಳು ಇಳಿಯುತ್ತಾರೆ. ಪಕ್ಕದ ಸೀಟು ಖಾಲಿ ಇದ್ದದ್ದರಿಂದ ಅವರ ಜೊತೆ ಇವಳೂ ಇಳಿದಳು ಅಂದುಕೊಂಡೆ. ಪಕ್ಕದ ಸಿಂಗಾಪುರ ಬಡಾವಣೆಯಲ್ಲಿ ಕೊನೆಯ ಮಗುವನ್ನು ಇಳಿಸಿ, ಹದಿಮೂರು ಗೆರೆ ಸರಿಯಾಗಿದೆ ಅಂತ ನೋಡಿ, ಕೆರೆಯ ಹಿಂದಿನ ಖಾಲಿ ಸೈಟಿನಲ್ಲಿ ವ್ಯಾನಿಗೆ ಬೀಗ ಹಾಕಿ ಬೈಕ್ ಹತ್ತಿದೆ.

ಎಲೆ ಮುಂದೆ ಕೂತಿದ್ದಾಗ ಅಮ್ಮನ ಫೋನು. "ಲೇ ಶಿವ, ಮಗೀಗೆ ಖಾರ ಆಕ್ಬ್ಯಾಡ, ಒಸಿ ಮೊಸ್ರು ಕಲ್ಸಿ ತಿನ್ಸು." ಯಾವ ಮಗು ಅಂತ ಕೇಳಲು ಬಾಯಿ ತೆಗೆದೆ. ಕೇಳಲಿಲ್ಲ. "ಹೂಂ ಅಮ್ಮ" ಅಂದು ಎಂಜಲು ಕೈಯಲ್ಲೇ ಬೈಕ್ ಹತ್ತಿದೆ.

ಬೀಗ ಹಾಕಿ ಒಂದೂಕಾಲು ಗಂಟೆ ಆಗಿತ್ತು. ಸೀಟಿನ ಕೆಳಗೆ ಮುದುರಿಕೊಂಡಿದ್ದಳು. ಕೂದಲು, ಯೂನಿಫಾರಂ ಎಲ್ಲ ಬೆವರಿಗೆ ನೆಂದು ಮೈಗೆ ಅಂಟಿತ್ತು. ಒದ್ದೆ ಮಾಡಿಕೊಂಡಿದ್ದಳು. ಬಾಟಲಿ ನೀರನ್ನು ತಲೆಗೆ ಸುರಿದೆ, ಕುಡಿಸಿದೆ. ಏನೋ ಹೇಳಲು ಬಾಯಿ ತೆಗೆದಳು. ನಾನು ಅವಳ ಬಾಯಿಯ ಮೇಲೆ ಬೆರಳಿಟ್ಟೆ. "ಯಾರಿಗೂ ಹೇಳ್ಬೇಡ ಶಶಿ. ಅಮ್ಮಂಗೂ ಹೇಳ್ಬೇಡ. ಅಪ್ಪಂಗೆ ಜೈಲಾಗ್ತದೆ." ತಲೆಯಾಡಿಸಿದಳು. ಒಳ್ಳೆ ಹುಡುಗಿ.

ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿದರು. ಬೀಗರೂಟಕ್ಕೆ ಕರೆದುಕೊಂಡು ಹೋಗಿದ್ದೆ, ಬಿಸಿಲಲ್ಲಿ ಆಡಿದಳು ಅಂದೆ. ಮನೆಯಲ್ಲೂ ಅದೇ. ಮಾತು ಯಾಕೆ ನಿಂತಿತು ಅಂತ ಪದ್ಮ ಪ್ರಾಣ ತಿಂದಾಗ, ಹಿತ್ತಲಲ್ಲಿ ಕುರಿ ತಲೆ ಸುಡ್ತಿದ್ದರು, ಅದನ್ನು ನೋಡಿ ಹೆದರಿಕೊಂಡಿರಬೇಕು ಅಂದೆ. ಅದು ಎಲ್ಲಿಂದ ಬಾಯಿಗೆ ಬಂತೋ ದೇವರಿಗೇ ಗೊತ್ತು.

ಬೆಲ್ ಆಯಿತು.

ಮಾರ್ಚ್ ೫, ಗುರುವಾರ

ಆರ್.ಟಿ. ನಗರಕ್ಕೆ ಹೋಗಿ ಬಂದೆವು. ಶಶಿ ವ್ಯಾನ್ ಹತ್ತುವುದಿಲ್ಲವಲ್ಲ, ಬಸ್ಸಿನಲ್ಲಿ ಹೋದೆವು. ಬಸ್ಸಿನಲ್ಲೂ ಅವಳು ಬಾಗಿಲ ಪಕ್ಕದ ಕಂಬ ಬಿಡಲಿಲ್ಲ.

ಟೈಲರ್ ಅಂಗಡಿಯ ಮೇಲಿನ ಮನೆ. ಒಂದು ರೂಮಿನ ತುಂಬ ಆಟದ ಸಾಮಾನು. ಅಗಲವಾದ ಟ್ರೇಯಲ್ಲಿ ಮರಳು, ಪ್ಲಾಸ್ಟಿಕ್ ಪ್ರಾಣಿಗಳು, ಗೊಂಬೆ ಮನೆ, ಕೈಗೆ ತೊಡುವ ಗೊಂಬೆಗಳು, ಡಾಕ್ಟರ್ ಸೆಟ್ಟು. ಆಯೇಷಾ ಮೇಡಂಗೆ ನಲವತ್ತು ಇರಬಹುದು. ನೆಲದ ಮೇಲೇ ಕೂತು ಮಾತಾಡಿದರು.

"ಎಷ್ಟ್ ದಿನಕ್ಕೆ ಮಾತು ಬರ್ತದೆ ಮೇಡಂ?" ಅಂತ ಕೇಳಿದೆ. ಗಾಡಿ ಗ್ಯಾರೇಜಿಗೆ ಬಿಟ್ಟಾಗ ಕೇಳುವುದಿಲ್ಲವೇ, ಹಾಗೆ.

"ಅದು ಶಶಿ ಕೈಲಿದೆ ಸರ್. ಮಾತಾಡ್ಸೋದು ನನ್ ಕೆಲಸ ಅಲ್ಲ. ದೊಡ್ಡವರು ಕಷ್ಟ ಬಂದ್ರೆ ಹೇಳ್ಕೋತಾರೆ, ಮಕ್ಕಳು ಆಡಿ ತೋರಿಸ್ತಾರೆ. ಅವಳು ಏನ್ ಬೇಕಾದ್ರೂ ಆಡ್ಲಿ, ನಾನು ಜೊತೇಲಿ ಇರ್ತೀನಿ. ಹೊರಗ್ ಬಂದ್ಮೇಲೆ ಏನ್ ಆಡ್ದೆ, ಏನ್ ಹೇಳ್ದೆ ಅಂತ ನೀವು ಕೇಳ್ಬಾರ್ದು. ಅಷ್ಟೇ." ಆಮೇಲೆ ಪುಸ್ತಕ ತೆಗೆದರು. "ಆ ದಿನ ಏನಾಯ್ತು, ಮೊದಲಿಂದ ಹೇಳಿ."

ಕುರಿ ತಲೆ ಕಥೆ ಹೇಳಿದೆ. ಪದ್ಮ ಕಣ್ಣೊರೆಸಿಕೊಂಡಳು. ಮೇಡಂ ಬರೆದುಕೊಂಡರು. ಮರಳಿನ ಹತ್ತಿರ ನಿಂತಿದ್ದ ಶಶಿ ನಾನು ಹೇಳಿ ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾರ್ಚ್ ೭, ಶನಿವಾರ

ಮೊದಲ ಸೆಷನ್. ಮುಕ್ಕಾಲು ಗಂಟೆ ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ. ಬಾಗಿಲು ಮುಚ್ಚಲು ಶಶಿ ಬಿಡಲಿಲ್ಲ. ಒಂದು ಗೇಣು ತೆರೆದೇ ಇತ್ತು.

"ಕುರಿ ನೋಡಿ ಹೆದ್ರಿದ್ ಮಗು ಬಾಗಿಲಿಗ್ಯಾಕ್ರೀ ಹೆದರ್ಬೇಕು?" ಅಂದಳು ಪದ್ಮ. ನನಗೇನು ಗೊತ್ತು, ನಾನೇನು ಡಾಕ್ಟರಾ ಅಂತ ರೇಗಿದೆ.

ಕಿವಿಯೆಲ್ಲ ಆ ಸಂದಿಗೇ ಅಂಟಿತ್ತು. ಮರಳು ಸುರಿಯುವ ಸದ್ದು, ಏನೋ ಬೀಳುವ ಸದ್ದು. "ಒಳಗೆ ಹಾಕ್ದೆ... ಇದನ್ನೂ ಒಳಗೆ ಹಾಕ್ದೆ" ಅಂತ ಮೇಡಂ ದನಿ. ಮಾತಾಡಲಿ ದೇವರೇ, ನನ್ನ ಮಗಳು ಮಾತಾಡಲಿ. ಆದರೆ ಇವತ್ತು ಬೇಡ, ಪದ್ಮ ಪಕ್ಕದಲ್ಲಿದ್ದಾಳೆ.

ಎಂಥ ಅಪ್ಪ ನಾನು. ಥೂ.

ಮಾರ್ಚ್ ೧೧, ಬುಧವಾರ

ಇವತ್ತು ಪದ್ಮಳಿಗೆ ರಜೆ ಸಿಗಲಿಲ್ಲ, ನಾನೊಬ್ಬನೇ ಕರೆದುಕೊಂಡು ಹೋಗಿದ್ದೆ. ಮುಗಿದ ಮೇಲೆ ಕೆಳಗೆ ಬೇಕರಿಯಲ್ಲಿ ಚಾಕಲೇಟ್ ಕೊಡಿಸಿದೆ. ಕೇಳಬಾರದು ಅಂದಿದ್ದರು. ಆದರೂ ಬಗ್ಗಿ ಮೆಲ್ಲಗೆ ಕೇಳಿದೆ, "ಮೇಡಂಗೆ ಏನಾದ್ರೂ ಹೇಳಿದ್ಯಾ ಪುಟ್ಟಿ?"

ಇಲ್ಲ ಅಂತ ಜೋರಾಗಿ ತಲೆಯಾಡಿಸಿದಳು. ಅಂಗೈಯಿಂದ ಬಾಯಿ ಮುಚ್ಚಿ ತೋರಿಸಿದಳು. ಜಾಣೆ ಅಂತ ತಲೆ ಸವರಿದೆ.

ಚಾಕಲೇಟನ್ನು ಬಸ್ಸಿನ ಸೀಟಿನಲ್ಲೇ ಬಿಟ್ಟು ಇಳಿದಳು.

ಮಾರ್ಚ್ ೧೪, ಶನಿವಾರ

ಮೇಡಂ ಇವತ್ತು ನಮ್ಮನ್ನು ಕೂರಿಸಿಕೊಂಡರು. "ಅವಳು ಆಡೋದನ್ನೆಲ್ಲ ನಾನು ಹೇಳಲ್ಲ. ಒಂದ್ ವಿಷಯ ಮಾತ್ರ ನಿಮ್ಮನ್ನ ಕೇಳ್ಬೇಕು. ಕುರಿ ಕಂಡ್ರೆ ಅವಳಿಗೆ ಭಯಾನೇ ಇಲ್ಲ. ಎತ್ಕೊಂಡು ಮುದ್ದು ಮಾಡ್ತಾಳೆ. ಆದ್ರೆ ಮೂರು ಸಲಾನೂ ಎಲ್ಲಾ ಪ್ರಾಣೀನೂ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ಲು. ಆಮೇಲೆ ಮುಚ್ಚಳದ ಮೇಲೆ ತಾನೇ ಕೂತ್ಕೊಂಡ್ಲು. ಎದ್ದೇಳೋದೇ ಇಲ್ಲ. ಆ ದಿನ ಬೇರೆ ಏನಾದ್ರೂ ನಡೀತಾ ಸರ್?"

"ಇಲ್ಲ ಮೇಡಂ."

ಅವರು ಒತ್ತಾಯ ಮಾಡಲಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ನೋಡಿದರು. ಪೊಲೀಸರಾದರೆ ಬೈದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಬಹುದು. ಈಯಮ್ಮ ಹಾಗೆ ನೋಡುತ್ತಾ ಕೂತರೆ ಏನು ಮಾಡುವುದು?

ಮನೆಯಲ್ಲಿ ದಿನಾ ಅರ್ಧ ಗಂಟೆ ನಾನು ಅವಳ ಜೊತೆ ಆಡಬೇಕಂತೆ. ಪ್ರಶ್ನೆ ಕೇಳಬಾರದು, ಕಲಿಸಬಾರದು, ತಿದ್ದಬಾರದು. ಅವಳು ಹೇಳಿದ ಹಾಗೆ ನಾನು ಕೇಳಬೇಕು. "ಪದ್ಮ ಆಡಿದ್ರೆ ಆಗಲ್ವಾ?" ಅಂದೆ. "ನೀವೇ ಆಡ್ಬೇಕು" ಅಂದರು.

ಮಾರ್ಚ್ ೧೫, ಭಾನುವಾರ

ಶಶಿ ನಡುಮನೆಯಲ್ಲಿ ಚಾಪೆ ಹಾಸಿ, ದಿಂಬುಗಳನ್ನು ಎರಡು ಸಾಲು ಇಟ್ಟಳು. ಮುಂದೆ ಕೂತು ತಟ್ಟೆ ಹಿಡಿದು ತಿರುಗಿಸತೊಡಗಿದಳು. ವ್ಯಾನು. ಎಡಗಡೆ ಕೂತಿದ್ದಳು.

"ಡ್ರೈವರ್ ಸೀಟು ಬಲಗಡೆ ಇರ್ತದಮ್ಮ" ಅಂದುಬಿಟ್ಟೆ. "ಮಕ್ಕಳು ಎಲ್ಲಿ? ಮಕ್ಕಳನ್ನ ಹತ್ತಿಸ್ಕೋ ಮೊದ್ಲು."

ತಟ್ಟೆ ಕೆಳಗಿಟ್ಟು ಎದ್ದು ಹೋದಳು. ಮೂರು ನಿಮಿಷವೂ ಆಗಿರಲಿಲ್ಲ. ಅಮ್ಮ ಅಡುಗೆಮನೆಯಿಂದ, "ನಿನ್ ಬಾಯ್ಗಿಷ್ಟ್ ಮಣ್ಣಾಕ, ಮಗ ಆಡೋಕೂ ಬಿಡಾಕಿಲ್ವಲ್ಲೋ" ಅಂದರು.

ಮಾರ್ಚ್ ೧೭, ಮಂಗಳವಾರ

ನಿನ್ನೆ ಬಾಯಿ ಬಿಗಿಹಿಡಿದು ಕೂತೆ. ಶಶಿ ನನ್ನ ಕೈ ಹಿಡಿದು ಎಳೆದು ಮಂಚದ ಕೆಳಗೆ ತೂರಿಸಿದಳು. ಎಪ್ಪತ್ತೆಂಟು ಕೆಜಿ ಗಂಡಸು ಮಂಚದ ಕೆಳಗೆ! ಬೆಡ್‌ಶೀಟು ಇಳಿಬಿಟ್ಟು ನಾಲ್ಕೂ ಕಡೆ ಮುಚ್ಚಿದಳು. ಹೆಜ್ಜೆ ಸದ್ದು ದೂರ ಹೋಯಿತು.

ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಧೂಳು, ಸೆಕೆ, ಮೊಣಕಾಲು ನೋವು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನನ್ನನ್ನು ಮರೆತು ಬೇರೆ ಆಟಕ್ಕೆ ಹೋದಳೇನೋ ಅನ್ನಿಸಿತು. ಕೂಗಿ ಕರೆಯೋಣ ಅಂದುಕೊಂಡೆ, ಕರೆಯಬಾರದು ಅಂತ ನೆನಪಾಯಿತು.

ಆಮೇಲೆ ಬೆಡ್‌ಶೀಟು ಎತ್ತಿದಳು. ಲೋಟದ ನೀರನ್ನು ನನ್ನ ತಲೆಗೆ ಸುರಿದಳು. ನಾನು "ಶಶಿ" ಅನ್ನುವಷ್ಟರಲ್ಲಿ ನನ್ನ ಬಾಯಿಯ ಮೇಲೆ ಬೆರಳಿಟ್ಟಳು. ಗಟ್ಟಿಯಾಗಿ. ಕಣ್ಣು ದೊಡ್ಡದು ಮಾಡಿ ತಲೆಯಾಡಿಸಿದಳು.

ನನ್ನದೇ ಬೆರಳು ಅದು. ಇವತ್ತು ಹದಿಮೂರು ಮಕ್ಕಳನ್ನೂ ಇಳಿಸಿ ಗೆರೆ ಎಳೆದೆ. ಮೂರು ಸಲ ವ್ಯಾನಿನೊಳಗೆ ಹೋಗಿ ಸೀಟಿನ ಕೆಳಗೆಲ್ಲ ನೋಡಿ ಬಂದೆ.

ಮಾರ್ಚ್ ೧೮, ಬುಧವಾರ

ಪದ್ಮಳಿಗೆ ಹೇಳಿಬಿಡಬೇಕು ಅಂತ ಬೆಳಿಗ್ಗೆ ಸ್ಕೂಟರ್ ಹತ್ತಿರ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅವಳು ಶುರು ಮಾಡಿದಳು. "ಆವತ್ ಬೆಳಿಗ್ಗೆ ಜಡೆ ಹಾಕೋವಾಗ ಅವಳ ತಲೆಗೆ ಬಾಚಣಿಗೇಲಿ ಹೊಡ್ದಿದ್ದೆ ಕಣ್ರೀ. ಮಾತು ಸಾಕು, ಬಾಯ್ ಮುಚ್ಚು ಅಂದಿದ್ದೆ. ಅದಕ್ಕೇ ಇರ್ಬೇಕು. ಮೇಡಂಗೆ ಹೇಳೋಕೆ ನಂಗೆ ನಾಚಿಕೆ ಆಗ್ತಿದೆ." ಅತ್ತಳು, ಹೆಲ್ಮೆಟ್ ಹಾಕಿಕೊಂಡೇ.

ಅಲ್ಲ ಪದ್ಮ, ಅದಕ್ಕಲ್ಲ ಅಂದೆ. ಆಮೇಲೆ ಸ್ಕೂಟರಿನ ಸ್ಟ್ಯಾಂಡು ತೆಗೆದುಕೊಟ್ಟು ಕಳಿಸಿಬಿಟ್ಟೆ.

ಅಮ್ಮಂದು ಇನ್ನೊಂದು. ಕುರಿಯ ಶಾಪ ತಟ್ಟಿದೆ ಅಂತ ಊರಮ್ಮನಿಗೆ ತಪ್ಪುಕಾಣಿಕೆ ಕಟ್ಟಿದ್ದಾರೆ. ಈ ವರ್ಷ ಹೊಸತೊಡಕಿಗೆ ಮನೆಯಲ್ಲಿ ಬಾಡು ಬೇಡವಂತೆ. ಯುಗಾದಿಯ ಮಾರನೇ ದಿನ ಬಾಡಿನ ಸಾರಿಲ್ಲದೆ ನಮ್ಮ ಮನೆ ಒಂದು ವರ್ಷವೂ ಇದ್ದದ್ದಿಲ್ಲ. ನಾನು ಆಡಿದ ಒಂದು ಸುಳ್ಳಿಗೆ ಅರವತ್ತೆಂಟು ವರ್ಷದ ಹೆಂಗಸು ದೇವರ ಮುಂದೆ ಕೆನ್ನೆ ಬಡಿದುಕೊಳ್ಳುತ್ತಿದ್ದಾಳೆ.

ಮಾರ್ಚ್ ೧೯, ಯುಗಾದಿ

ಬೇವು ಬೆಲ್ಲ ಕೊಟ್ಟಳು ಶಶಿ, ಎಲ್ಲರಿಗೂ. ಮಾತಿಲ್ಲ.

ಮಾರ್ಚ್ ೨೦, ಶುಕ್ರವಾರ

ಕೆರೆಯ ಹಿಂದಿನ ಸೈಟಿನಲ್ಲಿ ವ್ಯಾನ್ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಇನ್ನೆಲ್ಲಿ ಹೋಗಲಿ?

ಮಧ್ಯಾಹ್ನ ಪಂಚಪ್ಪ ಮಾವನ ಮನೆಯಿಂದ ಹೊಸತೊಡಕಿನ ಕ್ಯಾರಿಯರ್ ಬಂತು. ಅಮ್ಮ ಅದನ್ನು ಹಿತ್ತಲಿನಲ್ಲಿ ಇಟ್ಟು, "ಮಗ ನೋಡಾದ್ ಬ್ಯಾಡ" ಅಂದರು. ಅಷ್ಟರಲ್ಲಿ ಶಶಿಗೆ ವಾಸನೆ ಬಡಿದಿದೆ. ತಟ್ಟೆ ಹಿಡಿದುಕೊಂಡು ಹಿತ್ತಲಿಗೇ ಹೋಗಿ ಕೂತಳು. ಎರಡು ಮುದ್ದೆ ಮುಗಿಸಿ ಮೂಳೆ ಚೀಪಿದಳು. ಅಮ್ಮ ಪಿಳಿಪಿಳಿ ನೋಡುತ್ತಿದ್ದರು.

ಪದ್ಮ ನನ್ನ ಕಡೆ ತಿರುಗಿದಳು. "ಕುರಿ ತಲೆ ನೋಡಿ ಹೆದರ್ಕೊಂಡ್ಲು ಅಂದ್ರಲ್ಲ?"

"ಅಂದೆ. ಏನೀಗ?"

"ಮೂಳೆ ಚೀಪ್ತಿದ್ದಾಳೆ ನೋಡಿ. ಆವತ್ತು ನಿಜವಾಗ್ಲೂ ಏನಾಯ್ತು? ನನ್ ಮುಖ ನೋಡಿ ಹೇಳಿ."

ಕೂಗಾಡಿಬಿಟ್ಟೆ. ನನ್ನ ಮೇಲೆ ಅನುಮಾನವಾ, ಹದಿನಾಲ್ಕು ವರ್ಷದಿಂದ ಊರ ಮಕ್ಕಳನ್ನೆಲ್ಲ ಕಾಪಾಡಿದವನು ನಾನು, ನೀನು ಬಂದು ವಿಚಾರಣೆ ಮಾಡ್ತೀಯಾ ಅಂತ ಏನೇನೋ. ಪದ್ಮ ಜಗ್ಗಲಿಲ್ಲ. "ಹೇಳಿ" ಅಂದಳು ಮತ್ತೆ.

ಶಶಿ ಎಂಜಲು ಕೈಯಲ್ಲೇ ಓಡಿ ಬಂದಳು. ನನ್ನ ಹತ್ತಿರ ಬರಲಿಲ್ಲ. ಪದ್ಮಳ ಮೇಲೆ ಹತ್ತಿ, ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿದಳು. ಪದ್ಮ ಬಿಡಿಸಿಕೊಂಡರೆ ಮತ್ತೆ ಮುಚ್ಚುತ್ತಾಳೆ. ಸಾರು ಪದ್ಮಳ ಗಲ್ಲದಿಂದ ಸೋರುತ್ತಿದೆ. ಕೇಳಬೇಡ ಅನ್ನುತ್ತಿದ್ದಾಳೆ ನನ್ನ ಮಗಳು. ಕೇಳಿದರೆ ಅಪ್ಪನಿಗೆ ಜೈಲಾಗುತ್ತದೆ.

ಒಂದು ತಿಂಗಳಿಂದ ಅವಳಿಗೆ ಮಾತು ಬರದೆ ಹೋಗಿಲ್ಲ. ಎಲ್ಲಿ ಬಾಯಿ ತಪ್ಪಿ ಬಂದುಬಿಡುತ್ತದೋ ಅಂತ ಮಾತನ್ನೇ ಬಿಟ್ಟಿದ್ದಾಳೆ. ಆರು ವರ್ಷದ ಹುಡುಗಿ ನನ್ನನ್ನು ಕಾಯುತ್ತಿದ್ದಾಳೆ. ನಾನು ಅದನ್ನು ಜಾಣತನ ಅಂತ ಬರೆದುಕೊಂಡಿದ್ದೇನೆ, ಇದೇ ಪುಸ್ತಕದಲ್ಲಿ.

ಅಯ್ಯೋ ನನ್ನ ಕರ್ಮವೇ.

ಮಾರ್ಚ್ ೨೩, ಸೋಮವಾರ

ಬೆಳಿಗ್ಗೆ ಮಕ್ಕಳನ್ನು ಬಿಟ್ಟ ಮೇಲೆ ಆಯೇಷಾ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ.

"ಹೇಳಿದ್ದು ಒಳ್ಳೇದಾಯ್ತು ಸರ್" ಅಂದರು. ಆದರೆ ದನಿ ಮೆತ್ತಗಿರಲಿಲ್ಲ. "ನಿಮ್ಮನ್ನ ಕಾಪಾಡೋ ಕೆಲಸ ಅವಳ ತಲೆ ಮೇಲೆ ಹೊರಿಸಿಬಿಟ್ಟಿದ್ದೀರ. ಅದನ್ನ ನೀವೇ ಇಳಿಸ್ಕೋಬೇಕು. ಮೊದ್ಲು ಪದ್ಮಶ್ರೀ ಅವ್ರಿಗೆ ಹೇಳಿ. ಆಮೇಲೆ ಇಲ್ಲಿ ಬಂದು, ನನ್ ಮುಂದೆ, ಶಶಿಗೆ ಹೇಳಿ. ಚಿಕ್ಕ ಮಾತಲ್ಲಿ. ಕ್ಷಮಿಸು ಅಂತ ಅವಳ ಹತ್ರ ಬೇಡ್ಬೇಡಿ, ನಿಮ್ಮನ್ನ ಸಮಾಧಾನ ಮಾಡೋ ಕೆಲಸ ಮತ್ತೆ ಅವಳಿಗೇ ಬರ್ತದೆ. ಇನ್ನೊಂದು. ನಿಮ್ ವ್ಯಾನಲ್ಲಿ ಬರೋ ಮಕ್ಕಳ ತಂದೆ ತಾಯಿಗೂ, ಶಾಲೆಗೂ ಇದು ಗೊತ್ತಾಗ್ಬೇಕು. ನೀವು ಹೇಳ್ಲಿಲ್ಲ ಅಂದ್ರೆ ನಾನು ಸುಮ್ನೆ ಇರೋಕಾಗಲ್ಲ."

ಪದ್ಮಳನ್ನು ಆಫೀಸಿನಿಂದ ಕರೆಸಿಕೊಂಡು ಇದೇ ಸೈಟಿಗೆ ಬಂದೆ. ವ್ಯಾನಿನ ಪಕ್ಕ ನಿಂತು ಹೇಳಿದೆ. ಅವಳು ಕಿರುಚಲಿಲ್ಲ. "ಎಲ್ಲಿ ಕೂತಿದ್ಲು?" ಅಂದಳು. ಕೊನೆಯ ಸೀಟಿನ ಕೆಳಗೆ ತೋರಿಸಿದೆ. ಚಪ್ಪಲಿ ಬಿಟ್ಟು ಹತ್ತಿ ಅಲ್ಲೇ ನೆಲದ ಮೇಲೆ ಕೂತಳು.

"ಬಾಗಿಲು ಹಾಕಿ."

"ಪದ್ಮ, ಬೇಡ."

"ಹಾಕ್ರೀ ಬಾಗಿಲು!"

ಹಾಕಿದೆ. ಮಧ್ಯಾಹ್ನ ಒಂದೂವರೆಯ ಬಿಸಿಲು. ಗಾಜಿನಲ್ಲಿ ನೋಡಿದರೆ ಅವಳ ತಲೆ ಕಾಣುತ್ತಿರಲಿಲ್ಲ. ಆವತ್ತು ನಾನು ಬೀಗ ಹಾಕಿ ತಿರುಗಿ ನೋಡಿದ್ದರೂ ಕಾಣುತ್ತಿರಲಿಲ್ಲ. ಹದಿನೈದು ನಿಮಿಷಕ್ಕೆ ನಾನೇ ತಡೆಯಲಾರದೆ ತೆಗೆದೆ. ಮುಖ ಕೆಂಪಾಗಿ ಇಳಿದಳು, ಗೋಡೆ ಹಿಡಿದು ವಾಂತಿ ಮಾಡಿದಳು. ನೀರು ಕೊಡಲು ಹೋದರೆ ಕೈ ತಳ್ಳಿದಳು.

"ಮರ್ತಿದ್ದಕ್ಕೆ ಬೇಕಾದ್ರೆ ಯಾವತ್ತೋ ಕ್ಷಮಿಸ್ತೀನಿ. ಜೈಲು ಅಂದ್ರಲ್ಲ ಆ ಮಗೂಗೆ, ಅದಕ್ಕೆ ಏನ್ ಮಾಡ್ಲಿ ಹೇಳಿ" ಅಂದಳು. ಆಟೋ ಹಿಡಿದು ಹೋದಳು.

ಮಾರ್ಚ್ ೨೫, ಬುಧವಾರ

ಬಸ್ಸಿನಲ್ಲಿ ಪದ್ಮ ಬೇರೆ ಸೀಟಿನಲ್ಲಿ ಕೂತಳು. ನಾಲ್ಕೂ ಜನ ಆಟದ ರೂಮಿನಲ್ಲಿ ನೆಲದ ಮೇಲೆ ಕೂತೆವು. ಬಾಗಿಲು ಪೂರ್ತಿ ತೆರೆದಿತ್ತು. ಶಶಿ ಡಬ್ಬಿಯ ಮುಚ್ಚಳ ಹಾಕಿ ಅದರ ಮೇಲೆ ಕೂತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಿರಲಿಲ್ಲ.

"ಶಶಿ, ಅಪ್ಪ ನಿನ್ನ ವ್ಯಾನಲ್ಲಿ ಮರೆತು ಹೋದ" ಅಂದೆ. "ತಪ್ಪು ಅಪ್ಪಂದು. ಆಮೇಲೆ ಯಾರಿಗೂ ಹೇಳ್ಬೇಡ ಅಂದೆ. ಅದು ಇನ್ನೂ ದೊಡ್ಡ ತಪ್ಪು. ಅಮ್ಮಂಗೆ ನಾನೇ ಹೇಳಿದೀನಿ. ನೀನು ಹೇಳಿದ್ರೆ ಅಪ್ಪಂಗೆ ಏನಾಗ್ತದೆ ಅಂತ ನೀನು ಯೋಚ್ನೆ ಮಾಡೋದು ಬೇಡ. ಅದು ದೊಡ್ಡೋರ ಕೆಲಸ. ಇನ್ಮೇಲೆ ನೀನು ಯಾರಿಗ್ ಬೇಕಾದ್ರೂ ಹೇಳ್ಬಹುದು."

ಅವಳು ಅಮ್ಮನನ್ನು ನೋಡಿದಳು. ಪದ್ಮ ಹೌದು ಅಂತ ತಲೆಯಾಡಿಸಿದಳು. ಕೆಳಗಿನಿಂದ ಹೊಲಿಗೆ ಮಷೀನಿನ ಸದ್ದು ಬರುತ್ತಿತ್ತು.

ಶಶಿ ಡಬ್ಬಿಯಿಂದ ಎದ್ದಳು. ಒಂದು ಪ್ಲಾಸ್ಟಿಕ್ ಆನೆ ತೆಗೆದು ನನ್ನ ಮೇಲೆ ಎಸೆದಳು. ಹುಬ್ಬಿಗೆ ಬಿತ್ತು. ಆಮೇಲೆ ಹುಲಿ, ಹಸು, ಕೈಗೆ ಸಿಕ್ಕಿದ್ದೆಲ್ಲ. "ಎಸೀಬೇಕು ಅನ್ನಿಸ್ತಿದೆ ಶಶಿಗೆ. ತುಂಬಾ ಸಿಟ್ಟು ಬಂದಿದೆ. ಅಪ್ಪನ ಮೇಲೆ ಎಸೆಯೋದು ಬೇಡ, ಈ ದಿಂಬಿನ ಮೇಲೆ ಎಸೀಬಹುದು" ಅಂತ ಮೇಡಂ ದಿಂಬು ಮುಂದಿಟ್ಟರು. ಶಶಿ ದಿಂಬಿನ ಮೇಲೆ ಬಿದ್ದು ಎರಡೂ ಮುಷ್ಟಿಯಿಂದ ಗುದ್ದಿದಳು. ಗಂಟಲಿನಿಂದ ಏನೋ ಹೊರಟಿತು. ಮೊದಲು ಬರೀ ಸದ್ದು.

"ಕೂಗ್ದೆ!" ಅಂದಳು. ದನಿ ಒಡೆದುಹೋಗಿತ್ತು. "ನಾನು ಕೂಗ್ದೆ! ಗಾಜು ಹೊಡ್ದೆ! ನೀನು ಬರ್ಲೇ ಇಲ್ಲ! ನಾಯಿ ಬಂತು, ನೀನು ಬರ್ಲಿಲ್ಲ!"

"ಹೌದು, ಬರ್ಲಿಲ್ಲ" ಅಂದೆ. ಶಶಿ ಪದ್ಮಳ ಮಡಿಲಿಗೆ ಹೋಗಿ ಬಿದ್ದು ಅತ್ತಳು. ನನ್ನ ಹತ್ತಿರ ಬರಲಿಲ್ಲ. ಬರಲಿ ಅಂತ ನಾನೂ ಕರೆಯಲಿಲ್ಲ.

ಮಾರ್ಚ್ ೩೦, ಸೋಮವಾರ

ಶಾಲೆಗೆ ಹೇಳಿದೆ. ಹದಿಮೂರು ಮನೆಗೂ ಹೋಗಿ ಬಾಗಿಲಲ್ಲಿ ನಿಂತು ಹೇಳಿದೆ. ಏಳು ಮನೆಯವರು ಇವತ್ತಿನಿಂದಲೇ ಮಕ್ಕಳನ್ನು ಕಳಿಸುತ್ತಿಲ್ಲ. ಒಬ್ಬ ತಾಯಿ, "ನಿಮ್ ಮಗಳನ್ನೇ ಮರ್ತೋರು" ಅಂದು ಬಾಗಿಲು ಹಾಕಿಕೊಂಡರು. ಸರಿಯಾಗೇ ಅಂದರು. ಜೂನಿನಲ್ಲಿ ಗುತ್ತಿಗೆ ಕೊಡುವುದೋ ಬಿಡುವುದೋ ಶಾಲೆಯವರು ಆಮೇಲೆ ತಿಳಿಸುತ್ತಾರಂತೆ.

ಅಮ್ಮನಿಗೆ ಹೇಳಿದಾಗ ಎರಡು ದಿನ ನನಗೆ ಊಟ ಬಡಿಸಲಿಲ್ಲ. "ನಾನ್ ಪೋನ್ ಮಾಡ್ದಾಗ ಊಂ ಅಂದ್ಯಲ್ಲೋ" ಅನ್ನುವುದೊಂದೇ.

ಏಪ್ರಿಲ್ ೧೧, ಶನಿವಾರ

ಶಾಲೆಗೆ ರಜೆ. ವ್ಯಾನು ಮನೆ ಮುಂದೆ ನಿಂತಿದೆ. ಶಶಿ ಇನ್ನೂ ಹತ್ತುವುದಿಲ್ಲ. ಪದ್ಮ ಬೇಕಾದಷ್ಟು ಮಾತು ಮಾತ್ರ ಆಡುತ್ತಾಳೆ. ಆರ್.ಟಿ. ನಗರಕ್ಕೆ ವಾರಕ್ಕೆ ಎರಡು ಸಲ ಹೋಗುತ್ತಲೇ ಇದ್ದೇವೆ.

ಆದರೆ ಮಾತು! ಅಯ್ಯಪ್ಪಾ, ತಿಂಗಳಿಡೀ ಕೂಡಿಟ್ಟಿದ್ದನ್ನೆಲ್ಲ ಸುರಿಯುತ್ತಿದ್ದಾಳೆ. ಅದೂ ಒಂದೇ ವಿಷಯ. ಮೊದಲು ಅಜ್ಜಿಗೆ ಹೇಳಿದಳು. ಆಮೇಲೆ ಹಾಲಿನವನಿಗೆ, ಹೂವಿನ ರತ್ನಕ್ಕನಿಗೆ, ಮೀಟರ್ ಓದಲು ಬಂದವನಿಗೆ. ಕೆರೆಯ ಹತ್ತಿರ ವಾಕಿಂಗ್ ಬರುವ ಒಬ್ಬ ಅಜ್ಜನನ್ನು ಅಡ್ಡಗಟ್ಟಿ ಹೇಳಿದಳು. "ನಮ್ಮಪ್ಪ ನನ್ನ ವ್ಯಾನಲ್ಲಿ ಬೀಗ ಹಾಕಿ ಬೀಗರೂಟಕ್ಕೆ ಹೋಗಿದ್ದ." ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಮೊದಮೊದಲು ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಮೇಡಂನ ಕೇಳಿದೆ, ಎಲ್ಲಿಯವರೆಗೆ ಹೀಗೆ ಅಂತ. ಅವಳಿಗೆ ಸಾಕಾಗುವವರೆಗೆ ಅಂದರು.

ಇವತ್ತು ಸೆಷನ್ ಮುಗಿದ ಮೇಲೆ ಕೆಳಗೆ ಬೇಕರಿಗೆ ಹೋದೆವು, ನಾವಿಬ್ಬರೇ. ಬನ್ನು ಕೇಳಿದಳು. ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಇವಳು ಗಾಜಿನ ಪೆಟ್ಟಿಗೆಗೆ ಗಲ್ಲ ಊರಿ ಶುರು ಮಾಡಿದಳು.

"ಅಂಕಲ್, ನಿಮ್ಗೆ ಗೊತ್ತಾ? ನಮ್ಮಪ್ಪ ನನ್ನ ವ್ಯಾನಲ್ಲಿ ಮರ್ತುಬಿಟ್ಟಿದ್ದ. ಬಾಗಿಲು ಹಾಕಿ ಹೋಗ್ಬಿಟ್ಟಿದ್ದ. ನಾನು ಕೂಗ್ದೆ, ಯಾರೂ ಬರ್ಲಿಲ್ಲ. ಇಡೀ ದಿನ ಇದ್ದೆ ನಾನು, ಒಬ್ಳೇ. ಬೆಳಿಗ್ಗೆಯಿಂದ ರಾತ್ರಿವರ್ಗೂ."

ಅವನು ಬನ್ನು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಇಬ್ಬರೂ ತಿರುಗಿದರು. ನಂಬಲೋ ಬೇಡವೋ ಅನ್ನುವ ಹಾಗಿತ್ತು ಅವರ ಮುಖ. ಶಶಿಗೂ ಅದು ಗೊತ್ತಾಯಿತು. ಅವಳು ನನ್ನ ಪ್ಯಾಂಟು ಹಿಡಿದು ಜಗ್ಗಿದಳು. ಆಟದಲ್ಲಿ ಬಿಟ್ಟರೆ, ಐವತ್ತು ದಿನದ ಮೇಲೆ ತಾನಾಗಿ ಮುಟ್ಟಿದ್ದು.

"ಅಲ್ವೇನಪ್ಪಾ? ಇಡೀ ದಿನ ಅಲ್ವಾ?"

"ಹೌದಮ್ಮ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಇಡೀ ದಿನ."

ಅವಳು ಮುಂದಿನದನ್ನು ಹೇಳಲು ಅಂಗಡಿಯವನ ಕಡೆ ತಿರುಗಿದಳು. ಪ್ಯಾಂಟು ಬಿಟ್ಟಿರಲಿಲ್ಲ.